ಹಂದರದ ಕೆಳಗೆ ಯೂನಿವರ್ಸಿಟಿ

ಯೂನಿವರ್ಸಿಟಿಯವರು ಮೊದಲ ಸಲ ಗಂಗಾವತಿಯ ನನ್ನ ಶಾಮಿಯಾನಾ ಅಂಗಡಿಗೆ ಬಂದಾಗ ನಾನು ಸೀರೆ ಎತ್ತಿ ಕಟ್ಟಿಕೊಂಡು ಖುರ್ಚಿ ತೊಳೆಯುತ್ತಿದ್ದೆ. ಹಿಂದಿನ ದಿನ ಸಿದ್ದಾಪುರದಲ್ಲಿ ಒಂದು ದೊಡ್ಡ ಲಗ್ನವಾಗಿತ್ತು. ಅಲ್ಲಿಯ ಮಂದಿ ಸಾರನ್ನು ಅನ್ನಕ್ಕೆ ಹಾಕಿಕೊಂಡಿದ್ದರೋ ನನ್ನ ಖುರ್ಚಿಗೆ ಹಾಕಿದ್ದರೋ, ಹೇಳುವುದು ಕಷ್ಟವಿತ್ತು.

ಬಂದವರು ಇಬ್ಬರು. ಒಬ್ಬರು ಪ್ರೊಫೆಸರ್ ಮೇಡಂ, ಅರ್ಧ ನರೆತ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಇನ್ನೊಬ್ಬಳು ಅವರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ, ಮೈಸೂರು ಕಡೆಯವಳು. ನಮ್ಮ ಬಿಸಿಲಿಗೆ ಆಗಲೇ ಅವಳ ಮುಖ ಟೊಮೆಟೊ ಆಗಿತ್ತು. ಇಬ್ಬರಿಗೂ ಒದ್ದೆ ಖುರ್ಚಿಗಳನ್ನೇ ಒರೆಸಿ ಕೊಟ್ಟೆ. ಹುಡುಗಿ ಮೊದಲ ಪ್ರಶ್ನೆ ಕೇಳಿದಳು.

"ನಿಮ್ಮ ಉದ್ಯಮಕ್ಕೆ ಇರೋ ಅತಿ ದೊಡ್ಡ ಅಡ್ಡಿ ಯಾವುದು?"

"ಗಾಳಿ," ಅಂದೆ.

ಅವಳ ಕಣ್ಣು ಅರಳಿತು. "ಅಂದ್ರೆ ಸಮಾಜದಲ್ಲಿ ಬೀಸ್ತಾ ಇರೋ ಗಾಳಿ ಅಂತಾನಾ?"

"ಅಲ್ಲವ್ವಾ, ಗಾಳಿ. ಯುಗಾದಿ ಮುಗದ ಮ್ಯಾಲ ಬೀಸ್ತೈತಲ್ಲ, ಅದು. ಹೋದ ಸಲ ನನ್ನ ಶಾಮಿಯಾನಾ ಎತಗೊಂಡು ಹೋಗಿ ಯಾರದೋ ಭತ್ತದ ಗದ್ದ್ಯಾಗ ಒಗದಿತ್ತು. ಆ ಗದ್ದಿಯಾಂವ ವಾಪಸ್ ಕೊಡಾಕ ಒಲ್ಲೆ ಅಂದ. ನಮ್ಮ ಹೊಲಕ್ಕ ಬಂದದ್ದು ನಮ್ದು ಅಂತ!"

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆ ಇರದಿದ್ದರೆ ನಾನು ಅವತ್ತೇ ಅವರಿಗೆ ಚಾ ಕುಡಿಸಿ ಕೈ ಮುಗಿದು ಕಳಿಸಿಬಿಡುತ್ತಿದ್ದೆ. ಯಾಕೆಂದರೆ ಅದಕ್ಕೂ ಮೊದಲು ನನ್ನ ಬಗ್ಗೆ ಕೇಳಿಕೊಂಡು ಹೋದವರು ಸಾಕಷ್ಟು ಜನ ಇದ್ದರು.

ನನ್ನ ಬಗ್ಗೆ ಕೇಳುವಂಥದ್ದು ಏನೆಂದರೆ ಇಷ್ಟು. ನಾನು ಹುಟ್ಟಿದಾಗ ಮನೆಯವರು ಗಂಡು ಎಂದು ಪೇಡೆ ಹಂಚಿದರು. ಬೆಳೆಯುತ್ತ ಬೆಳೆಯುತ್ತ ಅವರ ಅಂದಾಜು ತಪ್ಪು ಎಂದು ನನಗೆ ತಿಳಿಯಿತು. ಅವರಿಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಪೇಡೆ ತಿಂದವರು ಯಾರೂ ವಾಪಸ್ ಕೊಡಲಿಲ್ಲ, ನಾವೂ ಕೇಳಲಿಲ್ಲ. ಸೀರೆ ಉಟ್ಟು ಹೊರಗೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ನಮ್ಮ ಕಡೆ ನನ್ನಂಥವಳನ್ನು ಕಂಡರೆ ಮಂದಿಗೆ ಎರಡೇ ಕೆಲಸ ಬರುತ್ತವೆ: ಅಂಗೈಗೆ ನಾಣ್ಯ ಇಡುವುದು, ಇಲ್ಲವೇ ತಲೆ ಬಗ್ಗಿಸಿ ಆಶೀರ್ವಾದ ಕೇಳುವುದು. ಖುರ್ಚಿ ಬಾಡಿಗೆಗೆ ಕೇಳಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ನನಗೆ ಹೊಳೆದದ್ದು ಲಗ್ನದ ಮನೆಗಳಲ್ಲೇ. ಮದುಮಕ್ಕಳ ತಲೆಯ ಮೇಲೆ ಕೈಯಿಡಲು ಕರೆಯುತ್ತಿದ್ದರು. ಕೈ ಅವರ ತಲೆಯ ಮೇಲೆ, ಕಣ್ಣು ಮಾತ್ರ ಮೇಲಿನ ಹಂದರದ ಕಡೆ. ಗಂಗಾವತಿಯ ಒಬ್ಬ ಮುದುಕ ಆಗ ಶಾಮಿಯಾನಾ ಹಾಕುತ್ತಿದ್ದ, ಊರೆಲ್ಲ ಚಾಚಾ ಅನ್ನುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟ.

"ಆಶೀರ್ವಾದ ಮಾಡೂವಾಗ ಮ್ಯಾಲ ಯಾಕ ನೋಡ್ತಿ ಬೇಟಿ? ಅಲ್ಲಾ ಕಾಣ್ತಾನೇನ್?"

"ಇಲ್ಲ ಚಾಚಾ, ಈ ಝಾಲರಿ ನೋಡಾಕತ್ತೀನಿ. ಭಾಳ ಚಂದ ಐತಿ. ಇದರ ಕೆಳಗ ನಾನೂ ಏನರ ಕೆಲಸಾ ಮಾಡಬೇಕು ಅನಸ್ತೈತಿ."

ಚಾಚಾ ನಗಲಿಲ್ಲ. ಮರುದಿನ ಗೂಟ ಹೊಡೆಯಲು ಕರೆದ. ಮುಂದೆ ಅವನ ಮೊಣಕಾಲು ಕೈಕೊಟ್ಟಾಗ ಶಾಮಿಯಾನಾ, ಖುರ್ಚಿ, ಟೆಂಪೊ ಎಲ್ಲ ನನಗೆ ವಹಿಸಿದ. ಟೆಂಪೊದ ಜೊತೆಗೆ ತನ್ನನ್ನೂ ವಹಿಸಿದ. ಇವತ್ತಿಗೂ ಡ್ರೈವರ್ ಅವನೇ. ಸ್ಟೇರಿಂಗ್ ಹಿಂದೆ ಅವನ ಮೊಣಕಾಲು ನೋಯುವುದಿಲ್ಲವಂತೆ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗಿ ಹೇಳಿದಳು, "ನೀವು ನಮ್ಮ ಲೆಕ್ಕದಲ್ಲಿ ಎಲ್‌ಜಿಬಿಟಿಕ್ಯೂ ಉದ್ಯಮಿ."

"ಅದ್ಯಾವ ಗಾಡಿ ನಂಬರ್ರೀ?" ಚಾಚಾ ಟೆಂಪೊದೊಳಗಿಂದಲೇ ಕೇಳಿದ.

ಕನ್ನಡದಾಗ ಹೇಳವ್ವಾ ಅಂದೆ. "ಲಿಂಗತ್ವ ಮತ್ತು ಲೈಂಗಿಕ ಅಲ್ಪಸಂಖ್ಯಾತ ಉದ್ಯಮಿ" ಅಂದಳು. ಅಷ್ಟನ್ನು ಬೋರ್ಡಿಗೆ ಬರೆಸಿದರೆ ನನ್ನ ಬೋರ್ಡು ಪಕ್ಕದ ಗೊಬ್ಬರದ ಅಂಗಡಿಯನ್ನೂ ದಾಟಿ ಹೋಗುತ್ತಿತ್ತು.

ಮೇಡಂ ಆಗ ಸರಳವಾಗಿ ತಿಳಿಸಿದರು. ಈ ಜಿಲ್ಲೆಯಲ್ಲಿ ನಮ್ಮಂಥವರು ಅಲ್ಲೊಬ್ಬರು ಇಲ್ಲೊಬ್ಬರು ಅಂಗಡಿ, ಕಸುಬು ಮಾಡಿಕೊಂಡಿದ್ದೇವೆ. ಯಾರಿಗೆ ಎಲ್ಲಿ ಕಾಲು ತೊಡಕಾಗುತ್ತದೆ ಎಂದು ತಿಳಿಯುವುದು ಅವರ ಕೆಲಸ. ಬರೀ ತಿಳಿದುಕೊಂಡು ಹೋಗುವುದಲ್ಲ, ಆ ತೊಡಕನ್ನು ಬಿಡಿಸಲು ಕೈ ಹಚ್ಚುವುದೂ ಕೆಲಸವೇ.

"ಕೇಳಿ ಹೋಗೋರು ಭಾಳ ಮಂದಿ ಬಂದಾರ್ರಿ," ಅಂದೆ. "ಹೋದವ್ರು ತಿರಗಿ ಬಂದದ್ದು ನಾ ನೋಡಿಲ್ಲ."

"ಮುಂದಿನ ವಾರ ನೋಡ್ತೀರಿ," ಅಂದರು ಮೇಡಂ.

ನೋಡಿದೆ. ಮರುವಾರ ಬಂದವರೇ ನನ್ನನ್ನು ಕರೆದುಕೊಂಡು ಸಾಲ ಕೇಳಲು ಬ್ಯಾಂಕಿಗೆ ಹೋದರು. ಯಾವ ಬ್ಯಾಂಕು ಅನ್ನುವುದು ಬೇಡ. ಅಲ್ಲಿ ನನಗೆ ಅಲ್ಲಿಯವರೆಗೆ "ನಾಳೆ ಬಾ" ಎಂಬ ಮಾತು ಮಾತ್ರ ಸಿಕ್ಕಿತ್ತು, ಅದನ್ನೂ ನಿಂತೇ ಕೇಳಿಸಿಕೊಂಡಿದ್ದೆ. ಅವತ್ತು ಮೇಡಂ ಇಂಗ್ಲಿಷಿನಲ್ಲಿ ಎರಡು ಮಾತಾಡಿದರು. ಅವರಿಗೊಂದು ಖುರ್ಚಿ ಬಂತು, ಅದರ ಪಕ್ಕ ನನಗೂ ಒಂದು. ಊರಿಗೆಲ್ಲ ಖುರ್ಚಿ ಕೊಡುವ ನಾನು ಬ್ಯಾಂಕಿನಲ್ಲಿ ಕುಳಿತದ್ದು ಅದೇ ಮೊದಲು. ಕುಳಿತ ಮೇಲೆ ಕಾಲು ಅಲ್ಲಾಡಿಸಿ ನೋಡಿದೆ. ಖುರ್ಚಿ ಅಷ್ಟೇನೂ ಛಲೋ ಇರಲಿಲ್ಲ.

ಹುಡುಗಿ ಮಾತ್ರ ನಮ್ಮ ಜೊತೆಗೇ ಇದ್ದು ಕೆಲಸ ನೋಡುತ್ತೇನೆ ಎಂದು ಗಂಗಾವತಿಯಲ್ಲೇ ರೂಮು ಹಿಡಿದಳು. ಇರಕಲ್ಲಗಡದ ಒಂದು ಲಗ್ನಕ್ಕೆ ನಮ್ಮ ಸಂಗಡ ಬಂದು ಖುರ್ಚಿ ಇಳಿಸಿದಳು, ಹಾಕಿದಳು, ಮತ್ತೆ ಏರಿಸಿದಳು. ಅವಳಿಗೆ ನಮ್ಮ ಮಾತು ಕಲಿಯುವ ಹುಮ್ಮಸ್ಸು ಇತ್ತು, ದಾರಿಯಲ್ಲಿ ಮಾತ್ರ ಕಲ್ಲು ಬಹಳ ಇದ್ದವು. ಅವತ್ತು ಮಧ್ಯಾಹ್ನ ಚಾಚಾನನ್ನು ಕೇಳಿದಳು, "ಊಟ ಆಯ್ತಾ ಚಾಚಾ?"

"ಉಂಡೆ," ಅಂದ ಚಾಚಾ.

"ಬರೀ ಉಂಡೆನಾ? ಅನ್ನ ಸಾರು ಏನೂ ಕೊಡ್ಲಿಲ್ವಾ?" ಹುಡುಗಿಗೆ ಸಿಟ್ಟೇ ಬಂತು. ಬೀಗರ ಹತ್ತಿರ ಹೋಗಿ ನಮ್ಮ ಡ್ರೈವರಿಗೆ ಲಾಡು ಕೊಟ್ಟು ಕೂಡಿಸಿದ್ದೀರಿ ಎಂದು ಜಗಳ ತೆಗೆದಳು. ಅವರು ಗಾಬರಿಯಾಗಿ ಚಾಚಾನಿಗೆ ಎರಡನೇ ಸಲ ಊಟ ಹಾಕಿದರು. ಚಾಚಾ ಬೇಡ ಅನ್ನಲಿಲ್ಲ. ಯೂನಿವರ್ಸಿಟಿಯಿಂದ ಉಪಯೋಗ ಐತಿ ಬೇಟಿ ಎಂದು ಅವನು ಮೊದಲ ಸಲ ಒಪ್ಪಿದ್ದು ಆವತ್ತೇ.

ಕುಷ್ಟಗಿಯ ದರ್ಜಿಯನ್ನು ನನಗೆ ಗಂಟು ಹಾಕಿದ್ದೂ ಇವರೇ. ಅವನು ಬರೀ ಹೆಂಗಸರ ಬ್ಲೌಸ್ ಹೊಲಿಯುವವನು. ಮೂವತ್ತು ದಾಟಿದ, ಸಣ್ಣ ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ಅವನ ಮನಸ್ಸು ಗಂಡಸರ ಕಡೆಗೆ. ಇದು ಕುಷ್ಟಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಮನೆಯಲ್ಲಿ ವಿಧವೆ ತಾಯಿಗೂ ಗೊತ್ತಿರಲಿಲ್ಲ. ಯೂನಿವರ್ಸಿಟಿಯವರಿಗೆ ಹೇಗೋ ಪರಿಚಯವಾದಾಗ ಅವನು ಒಂದೇ ಕರಾರು ಹಾಕಿದ್ದ: "ನಿಮ್ಮ ಆ ಅಕ್ಷರ ಎಲ್ಲಾ ನಿಮ್ಮ ಕಡೆ ಇರ್ಲಿ. ನನಗ ಬರೇ ಉದ್ಯಮಿ ಅನ್ರಿ." ಅವರು ಅದನ್ನು ನಡೆಸಿಕೊಟ್ಟರು.

ನನ್ನ ಅಂಗಡಿಗೆ ಬಂದವನು ನನ್ನನ್ನು ನೋಡುವ ಮೊದಲು ಖುರ್ಚಿಗಳನ್ನು ನೋಡಿದ. ನೋಡಿ ಮುಖ ತಿರುಗಿಸಿದ.

"ಎಷ್ಟ ಬೆತ್ತಲ ಅದಾವಕ್ಕಾ ಇವು!"

ಕೊರಳಲ್ಲಿದ್ದ ಟೇಪು ತೆಗೆದು ಪ್ಲಾಸ್ಟಿಕ್ ಖುರ್ಚಿಗೆ ಮದುಮಗಳಿಗೆ ಹಿಡಿದಂತೆ ಅಳತೆ ಹಿಡಿದ. "ಬೆನ್ನ ಛಲೋ ಐತಿ. ತೋಳ ಜರಾ ದಪ್ಪ. ಆದ್ರೂ ಸಿಂಗಾರಾ ಮಾಡಬಹುದು." ಕೆಲವೇ ದಿನಗಳಲ್ಲಿ ಬಿಳಿ ಬಟ್ಟೆಯ ಗವಸು, ಬೆನ್ನ ಹಿಂದೆ ಗುಲಾಬಿ ಬಣ್ಣದ ದೊಡ್ಡ ಗಂಟು, ಇಷ್ಟನ್ನು ಹೊಲಿದುಕೊಂಡು ಬಂದ. ಹನುಮನಹಳ್ಳಿಯಲ್ಲಿ ಬೆಟ್ಟ ನೋಡಲು ಬರುವವರಿಗಾಗಿ ಕಟ್ಟಿದ ಒಂದು ಗೆಸ್ಟ್‌ಹೌಸಿನಲ್ಲಿ ಲಗ್ನವಿತ್ತು, ಅಲ್ಲಿ ಮೊದಲ ಸಲ ಹಾಕಿದೆವು. ಬಂದವರೆಲ್ಲ ಮದುಮಕ್ಕಳನ್ನು ಬಿಟ್ಟು ಖುರ್ಚಿಯ ಫೋಟೊ ತೆಗೆದರು. ಒಬ್ಬ ಅಜ್ಜ ಮಾತ್ರ ಕೂರಲೊಲ್ಲ. "ಇದು ನನಗಿಂತ ಛಲೋ ಬಟ್ಟಿ ಹಾಕ್ಕೊಂಡೈತಿ, ಇದರ ಮ್ಯಾಲ ಹೆಂಗ ಕುಂದ್ರಲಿ?" ಎಂದು ಊಟವನ್ನೂ ನಿಂತೇ ಮುಗಿಸಿದ.

ಅಲ್ಲಿಂದ ನಮಗೆ ಬಿಡುವಿಲ್ಲ. ಲಗ್ನ, ಸೀಮಂತ, ಗೃಹಪ್ರವೇಶ, ಎಲ್ಲ ಕಡೆ "ಆ ಗಂಟಿನ ಖುರ್ಚಿ" ಬೇಕಾದವು. ದರ್ಜಿ ವಾರಕ್ಕೊಮ್ಮೆ ಗಂಗಾವತಿಗೆ ಬರುತ್ತಿದ್ದ, ಅಕ್ಕಾ ಅಕ್ಕಾ ಎಂದು ಮನೆಯವನೇ ಆಗಿಬಿಟ್ಟ.

ಒಂದು ದಿನ ಬಂದವನು ಯಾವ ಖುರ್ಚಿಯನ್ನೂ ಮುಟ್ಟಲಿಲ್ಲ. ಗಡಿಯಾರ ನಿಂತುಹೋದಂತೆ ಬಾಗಿಲಲ್ಲಿ ನಿಂತ.

"ಅಕ್ಕಾ, ಖುರ್ಚಿ ಬೇಕಾಗ್ಯಾವ."

"ಎಲ್ಲಿಗಿ?"

"ನಮ್ಮ ಮನಿಗಿ. ನನ್ನ ನಿಶ್ಚಯಕ್ಕ."

ತಾಯಿ ಯಲಬುರ್ಗಾದಲ್ಲಿ ಕನ್ಯೆ ನೋಡಿದ್ದಳು. ಇವನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದಳು. ಅವಲಕ್ಕಿ ತಿಂದು, ಚಾ ಕುಡಿದು, ಬಾಯಿ ತೆಗೆಯದೆ ಕುಳಿತು ಬಂದಿದ್ದ. ಸುಮ್ಮನಿದ್ದುದನ್ನು ಎಲ್ಲರೂ ಒಪ್ಪಿಗೆ ಅಂದುಕೊಂಡಿದ್ದರು.

"ಹುಡುಗಿ ಹೆಂಗದಾಳ?" ಕೇಳಿದೆ.

"ಸೀರಿ ಭಾಳ ಛಲೋ ಇತ್ತಕ್ಕಾ. ಅಂಚಿನ್ಯಾಗ ಕೈಲೆ ಮಾಡಿದ ಕಸೂತಿ..."

"ನಾ ಹುಡುಗಿ ಕೇಳಿದ್ನೋ."

ಅವನು ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಮುಖ ನೋಡಾಕ ಆಗ್ಲಿಲ್ಲಕ್ಕಾ," ಅಂದ. ಅಲ್ಲೇ ಒಂದು ಖುರ್ಚಿಯ ಮೇಲೆ ಕುಸಿದು ಅಳತೊಡಗಿದ. ನಾನೇ ಹೊಲಿಗೆಯ ಚಿಂದಿ ಹುಡುಕಿ ಮೂಗು ಒರೆಸಿಕೊಳ್ಳಲು ಕೊಟ್ಟೆ.

"ಖುರ್ಚಿ ಇಲ್ಲ," ಅಂದೆ.

ಅವನು ತಲೆಯೆತ್ತಿದ. ಸುತ್ತಲೂ ಸೂರು ಮುಟ್ಟುವಂತೆ ಖುರ್ಚಿ ಪೇರಿಸಿದ್ದೆ. "ಇಷ್ಟ ಅದಾವಲ್ಲಕ್ಕಾ!"

"ಎಲ್ಲಾ ಬುಕ್ ಆಗ್ಯಾವ. ಆ ದಿನ ಒಂದೂ ಖಾಲಿ ಇಲ್ಲ."

"ಯಾರು ಮಾಡ್ಯಾರ?"

ಸುಳ್ಳು ಹೇಳಲು ಹೊರಟವರು ಅಷ್ಟು ದೂರ ಯೋಚಿಸಿರಬೇಕು, ನಾನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು "ಯೂನಿವರ್ಸಿಟಿ."

ಅವನು ಹೋದ ಕೂಡಲೇ ಮೇಡಂಗೆ ಫೋನ್ ಮಾಡಿದೆ. "ಮೇಡಂ, ನೀವು ಆ ದಿನ ಏನರ ಒಂದ ಕಾರ್ಯಕ್ರಮಾ ಇಟಗೋಬೇಕ್ರಿ. ಇಲ್ಲಂದ್ರ ನಾ ಸುಳ್ಳಿ ಆಕ್ಕೀನಿ." ವಿಷಯ ಹೇಳಿದೆ. ಒಂದು ಮನೆಯ ಲಗ್ನದ ಮಾತಿನಲ್ಲಿ ಸಂಶೋಧಕರು ಕೈ ಹಾಕಬಾರದು ಎಂದರು. ಸರಿ ಎಂದೆ. ಆಮೇಲೆ ಫೋನಿನಲ್ಲಿ ಡೈರಿಯ ಹಾಳೆ ತಿರುವುವ ಸದ್ದು. ಕೊನೆಗೆ ಅವರೇ ಹೇಳಿದರು, "ಹೇಗೂ ಕೊಪ್ಪಳದಲ್ಲಿ ನಿಮ್ಮೆಲ್ಲರ ಒಂದು ಸಮಾವೇಶ ಮಾಡೋದಿತ್ತು. ಆ ದಿನವೇ ಆಗಲಿ. ಆದರೆ ಒಂದು ಮಾತು. ತಾಯಿಗೆ ಹೇಳಬೇಕಾದ್ದನ್ನ ಅವರೇ ಹೇಳಬೇಕು. ನಾನೂ ಅಲ್ಲ, ನೀವೂ ಅಲ್ಲ."

ಹೀಗೆ ನಿಶ್ಚಯ ಮುಂದೆ ಹೋಯಿತು. ದರ್ಜಿ ಮನೆಯಲ್ಲಿ ಹೇಳಿದ್ದು, ಆ ದಿನ ಯೂನಿವರ್ಸಿಟಿಯವರು ತನ್ನನ್ನು ಭಾಷಣಕ್ಕೆ ಕರೆದಿದ್ದಾರೆ ಎಂದು. ನಮ್ಮ ಉಪಾಯಕ್ಕೆ ಒಂದು ತೂತು ಇತ್ತು, ಅದು ಆಮೇಲೆ ಕಂಡಿತು. ತಾಯಿಗೆ ನಿಶ್ಚಯ ಮುಂದೆ ಹೋದ ಬೇಸರವೇ ಆಗಲಿಲ್ಲ. "ನನ್ನ ಮಗನ್ನ ಯೂನಿವರ್ಸಿಟಿಯವ್ರು ಕರದಾರಂದ್ರ ನಾ ಮನ್ಯಾಗ ಕುಂದ್ರಲೇನ್? ನಾನೂ ಬರ್ತೇನಿ," ಅಂದಳಂತೆ.

ಬಂದಳು. ಇಳಕಲ್ಲ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಯೂನಿವರ್ಸಿಟಿಗೆಂದು ಶೇಂಗಾ ಹೋಳಿಗೆಯ ಡಬ್ಬಿ. ಕೊಪ್ಪಳದ ಒಂದು ಸಭಾಭವನದ ಅಂಗಳದಲ್ಲಿ ನಾನೇ ಹಂದರ ಹಾಕಿದ್ದೆ, ಖುರ್ಚಿಗಳಿಗೆ ಅವಳ ಮಗನೇ ಹೊಲಿದ ಗವಸು. ಅದೆಲ್ಲ ನೋಡಿ ಅವಳು ಹಿಗ್ಗಿದಳು. ಆಮೇಲೆ ಬ್ಯಾನರು ನೋಡಿದಳು. ನಮ್ಮ ಮೈಸೂರಿನ ಹುಡುಗಿ ಅದನ್ನು ಮುತುವರ್ಜಿಯಿಂದ, ಕುರುಡರಿಗೂ ಕಾಣುವಷ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಮಾಡಿಸಿದ್ದಳು. ತಾಯಿ ಬೆರಳೆತ್ತಿ ಒಂದೊಂದೇ ಅಕ್ಷರ ಓದಿದಳು. "ಎಲ್... ಜಿ... ಬಿ... ಟಿ... ಏನಿದು ತಂಗಿ?"

ಆ ಹುಡುಗಿ ಇದರ ಬಗ್ಗೆ ದೊಡ್ಡ ದೊಡ್ಡ ಊರುಗಳಲ್ಲಿ ಮಾತಾಡಿ ಚಪ್ಪಾಳೆ ತಗೊಂಡವಳು. ಈಗ ಅವಳ ಮುಖ ಮತ್ತೆ ಟೊಮೆಟೊ ಆಯಿತು. "ಅದು ಅಮ್ಮಾ... ಒಂಥರಾ... ಸಂಘ."

"ಸ್ತ್ರೀಶಕ್ತಿ ಸಂಘದಂಗೇನ್?"

"ಸುಮಾರು ಹಾಗೇ," ಅಂದು ಮೈಕು ನೋಡುವ ನೆಪದಲ್ಲಿ ಓಡಿದಳು.

ತಾಯಿ ನನ್ನ ಕಡೆ ತಿರುಗಿದಳು. ನನ್ನನ್ನು ಮಗನ ಜೊತೆಗೆ ಕೆಲಸ ಮಾಡುವವಳು ಎಂದು ಅಷ್ಟರಮಟ್ಟಿಗೆ ಬಲ್ಲವಳು. "ನೀ ಹೇಳಬೇ. ನೀ ಇರೂದ ಇದ್ದಂಗ ಹೇಳಾಕಿ ಅಂತ ಅಂವ ಹೇಳ್ತಿರ್ತಾನ."

ನನ್ನ ನಾಲಿಗೆಯ ತುದಿಗೆ ಇನ್ನೊಂದು ಸಂಘ ಬಂದಿತ್ತು. ಮೇಡಂ ಹೇಳಿದ್ದು ನೆನಪಾಗಿ ನುಂಗಿಕೊಂಡೆ. "ನಿಮ್ಮ ಮಗನ್ನ ಕೇಳ್ರಿ ಯವ್ವಾ. ಅಂವ ಹೇಳ್ತಾನ."

ಹಂದರದ ಹಿಂದೆ ಚಾ ಇಟ್ಟಿದ್ದರು. ತಾಯಿ ಮಗ ಅಲ್ಲಿ ನಿಂತರು. ಅವರಿಗೂ ನಮಗೂ ನಡುವೆ ನನ್ನದೇ ಶಾಮಿಯಾನಾದ ಅಡ್ಡಪರದೆ. ನಾನು ಪರದೆಯ ಹಗ್ಗ ಬಿಗಿಯುವವಳಂತೆ ಅಲ್ಲೇ ನಿಂತೆ. ನೋಡಿದರೆ ಪಕ್ಕದಲ್ಲಿ ಚಾಚಾ ಹಗ್ಗ ಬಿಗಿಯುತ್ತಿದ್ದ, ಅವನ ಪಕ್ಕದಲ್ಲಿ ಪ್ರೊಫೆಸರ್ ಮೇಡಂ. ಆ ಒಂದು ಹಗ್ಗವನ್ನು ಅವತ್ತು ಬಿಗಿದಷ್ಟು ನನ್ನ ಜನ್ಮದಲ್ಲಿ ಯಾವುದನ್ನೂ ಬಿಗಿದಿಲ್ಲ.

"ಯವ್ವಾ, ನಾ ಲಗ್ನಾ ಆಗಾಂಗಿಲ್ಲ," ದರ್ಜಿಯ ದನಿ.

"ಈ ಹುಡುಗಿ ಮನಸಿಗಿ ಬರ್ಲಿಲ್ಲಂದ್ರ ಬಿಡು. ಬ್ಯಾರೆ ನೋಡೂಣು."

"ಯಾವ ಹುಡುಗಿನೂ ಬ್ಯಾಡ. ನನ್ನ ಮನಸು ಹುಡುಗ್ಯಾರ ಕಡೆ ಹೋಗೂದಿಲ್ಲ, ಎಂದೂ ಹೋಗಿಲ್ಲ. ಹೋದ್ರ ಗಂಡಸರ ಕಡೆನ ಹೋಗೂದು. ಆ ಬ್ಯಾನರದಾಗ ಬರದಾರಲ್ಲ, ಅದು ನಮ್ಮಂಥಾವ್ರ ಬಗ್ಗೆನ."

ಬಸಿಯ ಮೇಲೆ ಕಪ್ಪು ಇಟ್ಟ ಸದ್ದು ಕೇಳಿತು. ಹೊರಗೆ ರಸ್ತೆಯಲ್ಲಿ ಒಬ್ಬ ಬಾಳೆಹಣ್ಣು ಮಾರುವವನು ಕೂಗುತ್ತಿದ್ದ, ಅವನ ಬಾಯಿ ಮುಚ್ಚಿಸಬೇಕು ಅನಿಸಿತು.

"ಯಾರರ ಹೇಳ್ಕೊಟ್ರೇನು? ಆ ಶಾಮಿಯಾನದಾಕಿ?"

ಪರದೆಯ ಈ ಕಡೆ ನಾನು ಹಗ್ಗ ಕೈಬಿಟ್ಟೆ. ಮೇಡಂ ನನ್ನ ಮೊಣಕೈ ಹಿಡಿದುಕೊಂಡರು.

"ಆಕಿ ಖುರ್ಚಿ ಕೊಡಾಕ ಒಲ್ಲೆ ಅಂದ್ಲು, ಅಷ್ಟ. ನನಗ ಹೈಸ್ಕೂಲಿನ್ಯಾಗ ಇದ್ದಾಗಿಂದ ಗೊತ್ತೈತಿ ಯವ್ವಾ."

"ಹೈಸ್ಕೂಲ!" ತಾಯಿಯ ದನಿ ಒಡೆಯಿತು. "ಅಷ್ಟ ವರ್ಷ ಒಬ್ಬನ ಇಟಗೊಂಡು ಕುಂತಿದ್ಯಾ? ಊರ ಮಂದಿದ್ದೆಲ್ಲಾ ಬಿಚ್ಚಿ ಬಿಚ್ಚಿ ಹೊಲಿತಿ, ನಿನ್ನ ಬಾಯಿಗಿ ಹಾಕಿದ ಹೊಲಗಿ ಬಿಚ್ಚಾಕ ಬರ್ಲಿಲ್ಲೇನೋ?"

ಅವನು ಅತ್ತನೋ ಅವಳು ಅತ್ತಳೋ ತಿಳಿಯಲಿಲ್ಲ. ಆಮೇಲೆ ಅವಳೇ ಕೇಳಿದಳು, "ಹಂಗಾದ್ರ ಆ ಹುಡುಗಿ ಮನಿಗಿ ಯಾರ ಹೇಳ್ತಾರ?" ಕಪ್ಪು ಸರಿಸಿದ ಸದ್ದು ಬಂತು. "ಚಾ ಆರಾಕತ್ತೈತಿ. ಕುಡಿ," ಅಂದಳು.

ಅಪ್ಪಿಕೊಳ್ಳಲಿಲ್ಲ, ತಲೆ ಸವರಲಿಲ್ಲ. ಬಂದು ಹಿಂದಿನ ಸಾಲಿನಲ್ಲಿ ಬಾಯಿಗೆ ಸೆರಗು ಇಟ್ಟುಕೊಂಡು ಕುಳಿತಳು. ಹೋಳಿಗೆಯ ಡಬ್ಬಿ ತೊಡೆಯ ಮೇಲೇ ಇತ್ತು. ಮಗ ವೇದಿಕೆ ಹತ್ತಿ ಮಾತಾಡಿದ. ತೋಳು ಹೊಲಿಯುವ ಕಷ್ಟ, ಖುರ್ಚಿಗೆ ಗವಸು ಹೊಲಿದ ಕತೆ, ಅಷ್ಟೇ. ಅಕ್ಷರಗಳ ಸುದ್ದಿಗೆ ಅವನು ಹೋಗಲಿಲ್ಲ, ಯಾರೂ ಹೋಗು ಅನ್ನಲಿಲ್ಲ. ಮುಗಿದ ಮೇಲೆ ಮೇಡಂ ರೂಢಿಯಂತೆ, ಯಾರಾದರೂ ಪ್ರಶ್ನೆ ಕೇಳುವವರಿದ್ದೀರಾ ಎಂದರು.

ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. "ನಂದೊಂದ ಪ್ರಶ್ನಿ ಐತ್ರಿ."

ಮೈಸೂರಿನ ಹುಡುಗಿ ಕಣ್ಣು ಮುಚ್ಚಿಕೊಂಡಳು. ದರ್ಜಿ ಮೈಕಿನ ಕೋಲು ಹಿಡಿದುಕೊಂಡ.

"ಭಾಷಣಾ ಛಲೋ ಆತು," ತಾಯಿ ಎದ್ದು ನಿಂತಳು. "ಆದ್ರ ದೀಪಾವಳಿಗಿ ಕೊಡ್ತೇನಂತ ಹೇಳಿ ಸಂಕ್ರಾಂತಿಗಿ ಬ್ಲೌಸ್ ಕೊಡೂದು ಯಾವ ಸೀಮಿ ಉದ್ಯಮಾ? ನಮ್ಮ ಓಣಿ ಹೆಂಗಸರೆಲ್ಲಾ ನಂಗ ಬೈತಾರ. ಇದಕ್ಕ ಯೂನಿವರ್ಸಿಟ್ಯಾಗ ಏನರ ಔಷಧ ಐತೇನ್ರಿ?"

ಹಂದರವೇ ನಡುಗುವಂತೆ ನಕ್ಕೆವು. ದರ್ಜಿ ನಗುತ್ತ ಅಳುತ್ತ "ಸುಧಾರಸ್ತೇನಿ ಯವ್ವಾ," ಅಂದ. ಅವಳು ಕುಳಿತು, ಡಬ್ಬಿಯ ಮುಚ್ಚಳ ತೆಗೆದು, ಪಕ್ಕದವರಿಂದ ಶುರುಮಾಡಿ ಹೋಳಿಗೆ ಹಂಚಿದಳು. ನನಗೆ ಮಾತ್ರ ಕೊಡಲಿಲ್ಲ. ಅವಳಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಆದರೆ ಆ ವಾರವೇ ಅವಳ ಫೋನು ಬಂತು. "ಗಾಡಿ ತಗೊಂಡ ಬಾ. ಯಲಬುರ್ಗಾಕ್ಕ ಹೋಗೂದೈತಿ."

"ಬಸ್ಸಿಗಿ ಹೋಗಬಹುದಲ್ರಿ ಯವ್ವಾ?"

"ಬಸ್ಸಿನ್ಯಾಗ ಹೋದ್ರ ಧೈರ್ಯಾ ಸಾಲದ ನಡುವ ಇಳದ ವಾಪಸ್ ಬಂದಬಿಡ್ತೇನಿ. ನೀ ಆದ್ರ ಇಳ್ಯಾಕ ಬಿಡಾಂಗಿಲ್ಲ. ನೀ ಎಂಥಾಕಿ ಅನ್ನೂದು ನನಗ ಗೊತ್ತಾಗೇತಿ."

ಕುಷ್ಟಗಿಯಿಂದ ಯಲಬುರ್ಗಾದ ದಾರಿಯುದ್ದಕ್ಕೂ ಕರಿ ಎರೆ ಹೊಲ, ಕಡಲೆ ಗಿಡ. ಚಾಚಾ ಗಾಡಿ ಹೊಡೆಯುತ್ತಿದ್ದ. ತಾಯಿ ಹೊಲದ ಕಡೆ ನೋಡುತ್ತಲೇ ಕೇಳಿದಳು, "ನಿಮ್ಮವ್ವ ಏನಂದ್ಲು ನಿನಗ?"

"ನಮ್ಮವ್ವ ವರ್ಷಗಟ್ಟಲೆ ಮಾತ ಬಿಟ್ಟಿದ್ಲು. ಆಮ್ಯಾಲ ಒಂದಿನ ತಾನ ಫೋನ್ ಮಾಡಿ, ಪಂಚಮಿಗಿ ಸೀರಿ ತರಾಕ ಹೊಂಟೀನಿ, ನಿನಗ ಯಾವ ಬಣ್ಣದ್ದ ತರ್ಲಿ, ಅಂದ್ಲು."

"ಯಾವ ಬಣ್ಣಾ ಹೇಳಿದಿ?"

"ಅಳೂದರಾಗ ಹೇಳೂದ ಮರತೆ. ಆಕಿನ ಹಸರದ್ದ ತಂದ್ಲು."

ತಾಯಿ ಹೂಂ ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಹಸರ ನಿನಗ ಒಪ್ಪೂದಿಲ್ಲ. ಆದ್ರೂ ಅವ್ವ ಕೊಟ್ಟದ್ದು, ಉಡಬೇಕು," ಅಂದಳು.

ಹುಡುಗಿಯ ಮನೆಯಲ್ಲಿ ತಂದೆ ಪಡಸಾಲೆಯಲ್ಲೇ ಇದ್ದ. ತಾಯಿ ಕುಳಿತುಕೊಳ್ಳಲೂ ಇಲ್ಲ. ಕೈ ಮುಗಿದು ನೇರ ಹೇಳಿದಳು. "ತಪ್ಪ ನಂದೈತ್ರಿ. ಹುಡುಗನ್ನ ಕೇಳಲಾರದ ನಿಮ್ಮ ಮನಿಗಿ ಕನ್ಯಾ ನೋಡಾಕ ಬಂದೆ. ಅಂವಗ ಲಗ್ನಾನ ಬ್ಯಾಡ ಅಂತ. ನಿಮ್ಮ ಮಗಳಿಗಿ ಅನ್ಯಾಯ ಆಗಬಾರದು, ಅದಕ್ಕ ನಾನ ಬಂದೇನಿ."

ತಂದೆ ಕೂಗಾಡಿದ. ಕೂಗಾಡಬೇಕಾದದ್ದೇ. ಊರಿಗೆಲ್ಲ ಹೇಳಿಕೊಂಡಿದ್ದ ಮನುಷ್ಯ. ತಾಯಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು. ಬೈಗುಳ ಮುಗಿಯುತ್ತ ಬಂದಾಗ ಅವನ ಕಣ್ಣು ಬಾಗಿಲಲ್ಲಿ ನಿಂತ ನನ್ನ ಮೇಲೆ ಬಿತ್ತು. "ಇಂಥಾದ್ದನ್ನೆಲ್ಲಾ ಕಟಗೊಂಡು ಮರ್ಯಾದಸ್ಥರ ಮನಿಗಿ ಬಂದೀಯೇನ್?"

ಅಲ್ಲಿಯವರೆಗೆ ತಗ್ಗಿದ್ದ ತಲೆ ಎದ್ದಿತು. "ನನಗ ಎಷ್ಟರ ಬೈರಿ. ಈಕಿಗಿ ಬೈಬ್ಯಾಡ್ರಿ. ಈಕಿ ನನ್ನ ಮಗನ ಪಾಲುದಾರಳು, ಯೂನಿವರ್ಸಿಟಿಯವ್ರು ಖುರ್ಚಿ ಕೊಟ್ಟು ಕುಂದರಸ್ತಾರ ಈಕಿನ್ನ."

ಪಾಲುದಾರಳು. ನನ್ನನ್ನು ಹಾಗೆ ಕರೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ನಾನೂ ದರ್ಜಿಯೂ ಆ ಮಾತನ್ನು ಎಂದೂ ಆಡಿಕೊಂಡೇ ಇರಲಿಲ್ಲ. ನಾನು ಹೊರಗೆ ಬಂದು ಟೆಂಪೊಗೆ ಒರಗಿ ಆಕಾಶ ನೋಡಿದೆ, ಕಣ್ಣಲ್ಲಿ ನೀರು ನಿಲ್ಲಿಸಲು.

ಗಾಡಿ ಹೊರಡುವಾಗ ಹಿತ್ತಿಲ ಕಡೆಯಿಂದ ಆ ಹುಡುಗಿ ಬಂದಳು. ನೋಡಿದೆ, ಚೂಪು ಮೂಗಿನ, ನಗುಮುಖದ ಹುಡುಗಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ತಾಯಿಗೆ ಅಲ್ಲ, ನನಗೆ ಕೊಟ್ಟಳು.

"ಅವ್ರು ನೋಡಾಕ ಬಂದಾಗ ನನ್ನ ಮುಖಾ ಒಂದ ಸಲಾನೂ ನೋಡ್ಲಿಲ್ರಿ. ಬರೇ ಸೀರಿ ಅಂಚ ನೋಡಿದ್ರು. ಆಗ ಅನಕೊಂಡೆ, ಇವ್ರು ಗಂಡ ಆಗೂದಕ್ಕಿಂತ ದರ್ಜಿ ಆಗೂದ ಛಲೋ ಅಂತ. ನಮ್ಮಪ್ಪನ ಮುಂದ ಹೇಳಾಕ ಧೈರ್ಯಾ ಆಗಿರ್ಲಿಲ್ಲ." ಚೀಲದಲ್ಲಿ ಬ್ಲೌಸಿನ ಬಟ್ಟೆ ಇತ್ತು. "ತೋಳ ಮೊಳಕೈ ತನಕ ಇರ್ಲಿ ಅಂತ ಹೇಳ್ರಿ. ಬೆನ್ನಿಗಿ ಗಂಟ ಬ್ಯಾಡ, ನಾ ಖುರ್ಚಿ ಅಲ್ಲ."

ಟೆಂಪೊ ಊರು ದಾಟಿದ ಮೇಲೆ ತಾಯಿ ಮೊದಲ ಸಲ ನಕ್ಕಳು. ನಕ್ಕು ಮುಗಿಸಿ, "ಇಂಥಾ ಸೊಸಿ ಕೈತಪ್ಪಿದ್ಲಲ್ಲ," ಎಂದು ಅತ್ತಳು. ಚಾಚಾ ಗಾಡಿ ನಿಲ್ಲಿಸಿ ಎಳನೀರು ಕುಡಿಸಿದ.

ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ದರ್ಜಿಯ ಸೋದರಮಾವ ಆ ಮನೆಗೆ ಬರುವುದನ್ನು ಬಿಟ್ಟ, ಇನ್ನೂ ಬಂದಿಲ್ಲ. ತಾಯಿಯೂ ಕೆಲವು ತಿಂಗಳು ಮಗನಿಗೆ ತಾಟು ಇಡುತ್ತಿದ್ದಳೇ ಹೊರತು ಎದುರಿಗೆ ಕೂರುತ್ತಿರಲಿಲ್ಲ. ಆಮೇಲೆ, ಗವಸುಗಳಿಗೆ ಯಾರೂ ನೆಟ್ಟಗೆ ಇಸ್ತ್ರಿ ಮಾಡುವುದಿಲ್ಲ ಎಂಬ ಕಾರಣ ಹುಡುಕಿಕೊಂಡು ಗಂಗಾವತಿಗೆ ಬರತೊಡಗಿದಳು. ಬಂದಾಗೆಲ್ಲ ನನ್ನ ಅಡುಗೆಮನೆ ಅವಳದೇ. ನನ್ನ ರೊಟ್ಟಿ ಅವಳಿಗೆ ದಪ್ಪ, ನನ್ನ ಪಲ್ಯಕ್ಕೆ ಉಪ್ಪು ಕಡಿಮೆ.

ಮೈಸೂರಿನ ಹುಡುಗಿ ಸಂಶೋಧನೆ ಮುಗಿಸುವ ಮುಂಚೆ ತಾಯಿಯನ್ನೂ ಕೂರಿಸಿ ಕೇಳಿದಳು. ಈಗ ಹುಡುಗಿಯ ಮಾತು ಅರ್ಧ ನಮ್ಮದಾಗಿತ್ತು. "ಆವತ್ತ ಕೊಪ್ಪಳದಾಗ ನಿಮಗೆ ಏನನ್ನಿಸ್ತು ಅಮ್ಮಾ?"

"ಅನಸೂದಕ್ಕ ಪುರಸೊತ್ತ ಎಲ್ಲಿತ್ತು?" ತಾಯಿ ಇಸ್ತ್ರಿಪೆಟ್ಟಿಗೆಯ ಮೇಲಿನ ಕೈ ತೆಗೆಯದೆ ಹೇಳಿದಳು. "ಹೋಳಿಗಿ ಹಂಚೂದಿತ್ತು."

ಹೋದ ಚೈತ್ರದಲ್ಲಿ ಹೊಸಪೇಟೆಯ ಒಬ್ಬ ಫೋಟೊಗ್ರಾಫರ್ ನಮ್ಮ ಖುರ್ಚಿಗಳ ಚಿತ್ರ ತೆಗೆಯಲು ಬಂದ. ಗಡ್ಡ ಬಿಟ್ಟ, ನಗುನಗುತ್ತ ಮಾತಾಡುವ ಮನುಷ್ಯ. ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಅವನು ಮತ್ತೆ ಬಂದ. ಬೆಳಕು ಸರಿ ಇರಲಿಲ್ಲವಂತೆ. ಮತ್ತೊಮ್ಮೆ ಬಂದ. ಗಂಗಾವತಿಯ ಬೇಸಿಗೆಯಲ್ಲಿ ಬೆಳಕಿಗೆ ಬರವಿದೆ ಎಂದು ನಾನು ಕೇಳಿದ್ದು ಅದೇ ಮೊದಲು. ದರ್ಜಿ ಅವತ್ತು ಒಂದೇ ಖುರ್ಚಿಯ ಗಂಟನ್ನು ಬಿಚ್ಚುತ್ತ ಕಟ್ಟುತ್ತ ಬೆಳಗಿನಿಂದ ಅಲ್ಲೇ ಇದ್ದ. ತಾಯಿ ಅಡುಗೆಮನೆಯ ಕಿಟಕಿಯಿಂದ ಇಬ್ಬರನ್ನೂ ನೋಡಿದಳು, ರೊಟ್ಟಿ ಬಡಿದಳು, ಮತ್ತೆ ನೋಡಿದಳು.

"ಏನ್ಬೇ," ನನ್ನನ್ನು ಕರೆದಳು. "ಆ ಫೋಟೊದಾಂವ ಊಟಕ್ಕ ಇರ್ತಾನೇನ್ ಕೇಳು. ಖಾರಾ ನಡಿತೈತೇನ್ ಅದನ್ನೂ ಕೇಳು."

ಕೇಳಿ ಬಂದೆ. "ಇರ್ತಾನಂತ. ಖಾರಾ ಮಾತ್ರ ಆಗೂದಿಲ್ಲಂತ."

"ಖಾರಾ ತಿನ್ನಲಾರದಾಂವ ಎಂಥಾ ಗಂಡಸವ್ವಾ," ಎಂದು ಗೊಣಗುತ್ತ ಎದ್ದಳು. ಗೊಣಗುತ್ತಲೇ ಡಬ್ಬಿಯಿಂದ ಹೆಸರುಬೇಳೆ ತೆಗೆದು, ಇನ್ನೊಂದು ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಬೇಯಲಿಟ್ಟಳು.